ಬೇವಿನ ಕಡ್ಡಿ, ಮಿಶ್ರಿ ಮತ್ತು ವಿಜಯಪುರದ ಒಸಡು

ಭೂತನಾಳದಿಂದ ತಿಕೋಟಾ, ಬಬಲೇಶ್ವರದವರೆಗಿನ ಎರೆ ಸೀಮೆಯಲ್ಲಿ ಬೇವಿಗೂ ಜಾಲಿಗೂ ಬರವಿಲ್ಲ. ಬೆಳಿಗ್ಗೆ ಎದ್ದು ಎಳೆಯ ಕಡ್ಡಿ ಮುರಿದು ಹಲ್ಲುಜ್ಜುವುದು ಇಲ್ಲಿನ ಹಳೆಯ ರೂಢಿ. ಇನ್ನೊಂದು ರೂಢಿ ಮಿಶ್ರಿಯದು: ತಂಬಾಕನ್ನು ಹಂಚಿನ ಮೇಲೆ ಕರ್ರಗಾಗುವವರೆಗೆ ಹುರಿದು, ಪುಡಿ ಮಾಡಿ, ಬೆರಳಿನಿಂದ ಒಸಡಿಗೆ ತಿಕ್ಕುತ್ತಾರೆ. ಮಹಾರಾಷ್ಟ್ರದಲ್ಲೂ ಉತ್ತರ ಕರ್ನಾಟಕದಲ್ಲೂ ಇದು ಹೆಚ್ಚಾಗಿ ಹೆಣ್ಣುಮಕ್ಕಳಿಗೆ ಅಂಟಿದ ಚಟ. ಎರಡನ್ನೂ ಹಿರಿಯರ ಪದ್ಧತಿಯೆಂದು ನಾವು ಸಮನಾಗಿ ಗೌರವಿಸುತ್ತೇವೆ. ಆದರೆ ಇವುಗಳ ವಯಸ್ಸು ಬೇರೆ, ಗುಣವೂ ಬೇರೆ. ಒಂದು ಒಸಡಿನ ರೋಗವನ್ನು ದೂರವಿಡಬಲ್ಲದು. ಇನ್ನೊಂದು ರೋಗವನ್ನು ಬೆಳೆಸಿ, ಅದರ ಗುರುತನ್ನೂ ಅಡಗಿಸುತ್ತದೆ.

ಕಡ್ಡಿಯ ಇತಿಹಾಸ ಬಲು ದೊಡ್ಡದು. ಸುಶ್ರುತ ಸಂಹಿತೆ ಹನ್ನೆರಡು ಅಂಗುಲದ ಹಲ್ಲುಕಡ್ಡಿಯನ್ನು ಹೇಳುತ್ತದೆ, ಕಹಿ ಮರಗಳಲ್ಲಿ ಬೇವೇ ಮೇಲೆಂದು ಆರಿಸುತ್ತದೆ, ಒಸಡಿಗೆ ನೋವಾಗದಂತೆ ಒಂದೊಂದೇ ಹಲ್ಲನ್ನು ಉಜ್ಜಬೇಕೆಂದು ವಿಧಿಸುತ್ತದೆ. ಹಲ್ಲಿನ ಬುಡದ ಹದಿನೈದು ರೋಗಗಳನ್ನು ಅದು ಎಣಿಸಿದೆ. ಅವುಗಳಲ್ಲಿ ಶೀತಾದವೆಂದರೆ ಪೆಟ್ಟಿಲ್ಲದೆ ಒಸಡಿನಿಂದ ರಕ್ತ ಬರುವುದು; ದಂತವೇಷ್ಟವೆಂದರೆ ಕೀವು, ರಕ್ತ ಸುರಿದು ಹಲ್ಲು ಅಲುಗಾಡುವುದು. ರಕ್ತ ಮೊದಲು, ಸಡಿಲತೆ ಆಮೇಲೆ: ಇಂದಿನ ದಂತವೈದ್ಯರು ಹೇಳುವ ಕ್ರಮವೂ ಇದೇ.

ತಂಬಾಕು ಈಚಿನದು, ಅಮೆರಿಕದಿಂದ ಬಂದ ಗಿಡ. ಅದರ ಕತೆಯಲ್ಲಿ ವಿಜಯಪುರಕ್ಕೆ ದೊಡ್ಡ ಪಾತ್ರವಿದೆ. ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ರಾಜಧಾನಿಗೆ 1604ರ ಸುಮಾರಿಗೆ ಬಂದಿದ್ದ ಮೊಘಲ್ ರಾಯಭಾರಿ ಅಸದ್ ಬೇಗ್, ಇಲ್ಲಿ ಕಂಡ ತಂಬಾಕನ್ನು ಅಕ್ಬರನಿಗೆ ಒಯ್ದು ಕೊಟ್ಟ. ಪರೀಕ್ಷೆಯಾಗದ ವಸ್ತುವೆಂದು ಆಸ್ಥಾನದ ವೈದ್ಯ ತಡೆದನೆಂದು ಅಸದ್ ಬೇಗನೇ ಬರೆದಿದ್ದಾನೆ. ಆ ವೈದ್ಯನ ಅನುಮಾನ ಸರಿಯಾಗಿತ್ತು. ತಂಬಾಕಿನ ನಿಕೋಟಿನ್ ಒಸಡಿನ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಒಳಗೆ ಹಲ್ಲನ್ನು ಹಿಡಿದಿಟ್ಟ ಎಲುಬು ಸವೆಯುತ್ತಿದ್ದರೂ ಹೊರಗೆ ರಕ್ತ ಕಾಣುವುದು ಕಡಿಮೆ.

ಮಿಶ್ರಿ ತಿಕ್ಕಿದರೆ ಹಲ್ಲುನೋವು ಇಳಿಯುತ್ತದಲ್ಲ ಎಂದು ಕೇಳುವವರಿದ್ದಾರೆ. ಇಳಿದಂತೆ ಅನಿಸಬಹುದು, ನೋವು ತಗ್ಗಿದ ಮಾತ್ರಕ್ಕೆ ರೋಗ ತಗ್ಗಿತೆಂದಲ್ಲ. ಹೊಗೆಸೊಪ್ಪಿನ ಜೊತೆ ಬಾಯಿಯ ಕ್ಯಾನ್ಸರ್ ಭಯವೂ ಬರುತ್ತದೆ. ಪೇಸ್ಟು ಬಂದಮೇಲೆಯೇ ಹಲ್ಲು ಕೆಟ್ಟವು, ಬೇವೇ ಸಾಕಿತ್ತು ಎಂಬುದು ಇನ್ನೊಂದು ವಾದ. ಇದಕ್ಕೆ 1965ರಲ್ಲಿ ಹೆರಾಲ್ಡ್ ಲೋ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗ ಉತ್ತರ ಕೊಡುತ್ತದೆ. ಆರೋಗ್ಯವಾಗಿದ್ದ ಹನ್ನೆರಡು ಜನ ಹಲ್ಲುಜ್ಜುವುದನ್ನು ನಿಲ್ಲಿಸಿದರು. 10ರಿಂದ 21 ದಿನಗಳೊಳಗೆ ಎಲ್ಲರ ಒಸಡೂ ಊದಿತು. ಮತ್ತೆ ಉಜ್ಜತೊಡಗಿದಾಗ ವಾಸಿಯಾಯಿತು. ಹಲ್ಲಿನ ಬುಡದ ಪಾಚಿಯನ್ನು ದಿನವೂ ತೆಗೆಯುವುದೇ ಮುಖ್ಯ. ಬೇವೋ ಬ್ರಷ್ಷೋ ಎಂಬುದು ಆಮೇಲಿನ ಮಾತು. ಕಡ್ಡಿಯನ್ನು ಅಗಿದು ಕುಂಚದಂತೆ ಮೆತ್ತಗಾಗಿಸದೆ ಗೀಚಿದರೆ ಒಸಡೇ ಹರಿಯುತ್ತದೆ, ಹಲ್ಲುಸಂದಿನ ಪಾಚಿಯೂ ಉಳಿಯುತ್ತದೆ.

ಪಾಚಿ ಗಟ್ಟಿಯಾಗಿ ಕಲ್ಲಾದರೆ ಕಡ್ಡಿಗೂ ಬ್ರಷ್ಷಿಗೂ ಬಗ್ಗದು, ದಂತವೈದ್ಯರೇ ತೆಗೆಯಬೇಕು. ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲಾಗುತ್ತದೆಂಬ ಅಂಜಿಕೆಗೆ ಆಧಾರವಿಲ್ಲ. ಕಲ್ಲು ಮುಚ್ಚಿದ್ದ ಸಂದು, ಮೊದಲೇ ಆಗಿದ್ದ ಸಡಿಲತೆ ಆಗ ಕಣ್ಣಿಗೆ ಬೀಳುತ್ತವೆ, ಅಷ್ಟೇ. ಉಗುಳಿನಲ್ಲಿ ರಕ್ತ, ಕೆಂಪಾಗಿ ಊದಿದ ಒಸಡು, ಬಿಡದ ಬಾಯಿವಾಸನೆ, ಒಸಡು ಸರಿದು ಉದ್ದವಾಗಿ ಕಾಣುವ ಹಲ್ಲು ಇವು ಗುರುತುಗಳು. ಸಕ್ಕರೆ ಕಾಯಿಲೆಯವರು ಇನ್ನಷ್ಟು ಎಚ್ಚರವಾಗಿರಬೇಕು. ತಂಬಾಕು ಬಳಸುವವರು ರಕ್ತ ಕಾಣಲೆಂದು ಕಾಯದೆ ತೋರಿಸಿಕೊಳ್ಳಬೇಕು. ಊತದ ಹಂತದಲ್ಲಿ ಒಸಡು ಪೂರ್ತಿ ಗುಣವಾಗುತ್ತದೆ. ಸವೆದ ಎಲುಬು ತಾನಾಗಿ ಮರಳಿ ಬೆಳೆಯದು. ಹಿರಿಯರನ್ನು ಗೌರವಿಸುವುದಾದರೆ ಅವರ ದಿನನಿತ್ಯದ ಶಿಸ್ತನ್ನು ಉಳಿಸಿಕೊಳ್ಳೋಣ, ನಾಲ್ಕು ಶತಮಾನದ ಹಿಂದೆ ಹೊರಗಿನಿಂದ ಬಂದ ತಂಬಾಕನ್ನು ಬಿಡೋಣ.