ಅರಸನ ಕೈಯ ಅರ

ಉಪಕರಣಗಳಲ್ಲಿ ಅರಕ್ಕೆ ದೊರೆತಿರುವ ಕೀರ್ತಿಯು ಅತ್ಯಲ್ಪವಾದುದು. ಕುಲುಮೆಯ ಬೆಂಕಿಯೂ ಸುತ್ತಿಗೆಯ ಪೆಟ್ಟೂ ದಾರಿಹೋಕರ ಕಣ್ಣನ್ನು ಸೆಳೆಯುತ್ತವೆ. ಅರವಾದರೋ ಒಂದು ಮೂಲೆಯಲ್ಲಿದ್ದುಕೊಂಡು ಕೂದಲೆಳೆಯಷ್ಟು ಕಬ್ಬಿಣವನ್ನು ಮೆಲ್ಲಮೆಲ್ಲನೆ ತೇಯುತ್ತಿರುತ್ತದೆ. ಆದರೂ ಬೀಗದೊಳಗೆ ಬೀಗದ ಕೈ ಸಲೀಸಾಗಿ ತಿರುಗಬೇಕಾದರೆ, ಗಡಿಯಾರದ ಹಲ್ಲುಗಾಲಿಗಳು ತಡೆಯಿಲ್ಲದೆ ಓಡಬೇಕಾದರೆ, ಯಂತ್ರಯುಗಕ್ಕೆ ಮೊದಲು ಕಡೆಯ ಕೆಲಸವೆಲ್ಲವೂ ಅರದಿಂದಲೇ ಆಗಬೇಕಾಗಿದ್ದಿತು. ಹೊಟ್ಟೆಯ ಪಾಡಿಗಾಗಿ ಅರವನ್ನು ಹಿಡಿದವರು ಅಸಂಖ್ಯರು. ಕೇವಲ ಮನೋವಿನೋದಕ್ಕಾಗಿ ಹಿಡಿದವರೂ ಉಂಟು. ಈ ಎರಡನೆಯ ಪಂಗಡದವರಲ್ಲಿ ಬಹಳ ಪ್ರಸಿದ್ಧನಾದವನು ಫ್ರಾನ್ಸ್ ದೇಶದ ದೊರೆ ಹದಿನಾರನೆಯ ಲೂಯಿ. ಆತನ ವಿನೋದವು ವಿನೋದವಾಗಿಯೇ ಮುಗಿಯಲಿಲ್ಲವೆಂಬುದರಿಂದ ಈ ಕಥೆಯು ಸ್ಮರಣೀಯವಾಗಿದೆ.

ಅರವು ಬಹು ಪ್ರಾಚೀನವಾದ ಉಪಕರಣ. ಹನ್ನೆರಡನೆಯ ಶತಮಾನದಲ್ಲಿ ಥಿಯೋಫಿಲಸನೆಂಬ ಕ್ರೈಸ್ತ ಸನ್ಯಾಸಿಯು ಶಿಲ್ಪಕಲೆಗಳನ್ನು ಕುರಿತು ಲ್ಯಾಟಿನ್ ಭಾಷೆಯಲ್ಲಿ ಬರೆದ ಗ್ರಂಥದಲ್ಲಿ ಅರಗಳನ್ನು ಮಾಡುವ ಕ್ರಮವನ್ನು ವಿವರಿಸಿದ್ದಾನೆ. ಸುಟ್ಟ ಎತ್ತಿನ ಕೊಂಬಿನ ಪುಡಿಯನ್ನು ಉಪ್ಪಿನೊಡನೆ ಬೆರೆಸಿ, ಕೆಂಪಗೆ ಕಾದ ಅರದ ಮೇಲೆ ಉದುರಿಸಿ, ಬಳಿಕ ನೀರಿಗದ್ದಿ ಅದನ್ನು ಗಡುಸುಮಾಡುವ ವಿಧಾನವು ಅಲ್ಲಿ ಹೇಳಲ್ಪಟ್ಟಿದೆ. ಅರದ ಹಲ್ಲುಗಳನ್ನಾದರೋ ಮೆತುವಾದ ಉಕ್ಕಿನ ಪಟ್ಟಿಯ ಮೇಲೆ ಚಾಣವನ್ನಿಟ್ಟು, ಸುತ್ತಿಗೆಯಿಂದ ಹೊಡೆದು, ಸಾಲುಸಾಲಾಗಿ ಎಬ್ಬಿಸಬೇಕಾಗಿದ್ದಿತು. ದೊಡ್ಡ ಕೆಲಸಕ್ಕೆ ಒರಟು ಹಲ್ಲಿನ ಅರ, ನಯಗೊಳಿಸುವುದಕ್ಕೆ ಸಣ್ಣ ಹಲ್ಲಿನ ಅರ. ಮೂಲೆಗೆ ಮುಮ್ಮೂಲೆಯದು, ರಂಧ್ರಕ್ಕೆ ದುಂಡನೆಯದು. ಹೀಗೆ ಒಬ್ಬ ಬೀಗದ ಕಮ್ಮಾರನ ಬಳಿ ಅರಗಳ ಒಂದು ಸಂಸಾರವೇ ಇರುತ್ತಿದ್ದಿತು.

ಇದರ ಬಳಕೆಯು ನೋಡುವುದಕ್ಕೆ ಸುಲಭ, ಮಾಡುವುದಕ್ಕೆ ಕಠಿಣ. ಅರದ ಹಲ್ಲುಗಳು ಮುಂದಕ್ಕೆ ತಳ್ಳುವಾಗ ಮಾತ್ರ ಲೋಹವನ್ನು ಕೊರೆಯುವುವು. ಹಿಂದಕ್ಕೆಳೆಯುವಾಗ ಒತ್ತಿದರೆ ಹಲ್ಲು ಮೊಂಡಾಗುವುದಲ್ಲದೆ ಬೇರೆ ಪ್ರಯೋಜನವಿಲ್ಲ. ಕೈ ಕೊಂಚ ತೂಗಿದರೂ ಸಮತಲವಾಗಬೇಕಾದ ಮೈ ಉಬ್ಬುತ್ತದೆ. ಬೀಗದ ಕೈಯನ್ನು ಹೊಂದಿಸುವ ಕೆಲಸದಲ್ಲಿ ಈ ಕಷ್ಟವು ಇಮ್ಮಡಿಯಾಗುತ್ತದೆ. ಆ ಕಾಲದ ಬೀಗದ ಒಳಗೆ ಅಡ್ಡತಡೆಗಳಾಗಿ ಲೋಹದ ಕಟ್ಟುಗಳಿರುತ್ತಿದ್ದುವು. ಅವನ್ನು ದಾಟಿ ತಿರುಗುವಂತೆ ಬೀಗದ ಕೈಯ ತುದಿಯಲ್ಲಿ ಸೀಳುಗಳನ್ನು ಕೊರೆಯಬೇಕು. ಹೊಸ ಕೈಯನ್ನು ದೀಪದ ಹೊಗೆಯಲ್ಲಿ ಹಿಡಿದು ಕಪ್ಪಾಗಿಸಿ, ಬೀಗಕ್ಕೆ ಹಾಕಿ ತಿರುಗಿಸಿದರೆ, ತಡೆಯು ತಗಲಿದ ಕಡೆ ಮಸಿಯು ಅಳಿಸಿರುವುದು. ಅಲ್ಲಿ ಸಣ್ಣ ಅರವನ್ನು ಎರಡು ಮೂರು ಸಲ ಆಡಿಸಿ, ಮತ್ತೆ ಮಸಿ ಹಿಡಿಸಿ, ಮತ್ತೆ ತಿರುಗಿಸಿ ನೋಡಬೇಕು. ಆತುರಪಟ್ಟು ಒಂದೆಳೆ ಹೆಚ್ಚು ತೇದರೆ ಆ ಲೋಹವು ಮರಳಿ ಬಾರದು. ತಾಳ್ಮೆಯೊಂದೇ ಇಲ್ಲಿ ಗುರು.

ಹದಿನೆಂಟನೆಯ ಶತಮಾನದ ಫ್ರಾನ್ಸಿನಲ್ಲಿ ಕೈಕೆಲಸದ ವಿಷಯದಲ್ಲಿ ವಿದ್ಯಾವಂತರಿಗೆ ಹೊಸದೊಂದು ಗೌರವವು ಹುಟ್ಟಿದ್ದಿತು. ದಿದರೋ ಮೊದಲಾದವರು 1751ರಿಂದ ಹೊರತಂದ ಮಹಾ ವಿಶ್ವಕೋಶದಲ್ಲಿ ಕಮ್ಮಾರ, ಬಡಗಿ, ನೇಕಾರರ ಉಪಕರಣಗಳು ಚಿತ್ರಸಹಿತವಾಗಿ ಅಚ್ಚಾದುವು. 1762ರಲ್ಲಿ ರೂಸೋ ಪಂಡಿತನು ತನ್ನ ‘ಎಮಿಲ್’ ಎಂಬ ಗ್ರಂಥದಲ್ಲಿ, ಶ್ರೀಮಂತನ ಮಗನಾದರೂ ಒಂದು ಕಸುಬನ್ನು ಕಲಿಯತಕ್ಕದ್ದೆಂದು ವಾದಿಸಿ, ತನ್ನ ಕಥಾನಾಯಕನನ್ನು ಬಡಗಿಯ ಬಳಿ ಕೆಲಸಕ್ಕೆ ಬಿಟ್ಟನು. 1767ರಲ್ಲಿ ದ್ಯುಹಾಮೆಲ್ ದು ಮೊಂಸೋ ಎಂಬ ವಿಜ್ಞಾನಿಯು ಬೀಗದ ಕಮ್ಮಾರರ ಕಲೆಯನ್ನು ಕುರಿತೇ ಒಂದು ದೊಡ್ಡ ಪುಸ್ತಕವನ್ನು ಪ್ರಕಟಿಸಿದನು. ಅಷ್ಟು ಹೊತ್ತಿಗೆ ಯುವರಾಜ ಲೂಯಿಗೆ ಹದಿಮೂರು ವರ್ಷ.

ಈತನು 1774ರಲ್ಲಿ ಪಟ್ಟವನ್ನೇರಿದ ಮೇಲೆಯೂ ವೆರ್ಸಾಯ್ ಅರಮನೆಯಲ್ಲಿ ತನ್ನ ಕೋಣೆಗಳ ಮೇಲಿನ ಅಂತಸ್ತಿನಲ್ಲಿ ಕುಲುಮೆಯನ್ನೂ ಅಡಿಗಲ್ಲನ್ನೂ ಇರಿಸಿಕೊಂಡು ಬೀಗಗಳನ್ನು ಮಾಡುತ್ತಿದ್ದನು. ಫ್ರಾಂಸ್ವಾ ಗಾಮೇನನೆಂಬ ವೆರ್ಸಾಯಿನ ಬೀಗದ ಕಮ್ಮಾರನು ಆತನಿಗೆ ಗುರುವೂ ಸಹಾಯಕನೂ ಆಗಿದ್ದನು. ಈತನ ಅಜ್ಜನಾದ ಹದಿನೈದನೆಯ ಲೂಯಿಯೂ ಆನೆದಂತವನ್ನು ಕಡೆಯುತ್ತಿದ್ದನು. ಅದು ಶುಭ್ರವಾದ ವಿನೋದವಾದ್ದರಿಂದ ಯಾರೂ ಮೂಗು ಮುರಿಯಲಿಲ್ಲ. ಕಬ್ಬಿಣದ ಕೆಲಸವು ಹಾಗಲ್ಲ. ಅರದ ಪುಡಿಯಿಂದ ದೊರೆಯ ಕೈಗಳು ಕಪ್ಪಾಗುತ್ತಿದ್ದುವು; ಅದಕ್ಕಾಗಿ ರಾಣಿಯು ಆತನನ್ನು ಆಕ್ಷೇಪಿಸುತ್ತಿದ್ದಳೆಂದು ಆಕೆಯ ಪರಿವಾರದಲ್ಲಿದ್ದ ಕಾಂಪಾನ್ ಎಂಬಾಕೆಯು ತನ್ನ ಸ್ಮೃತಿಗ್ರಂಥದಲ್ಲಿ ಬರೆದಿದ್ದಾಳೆ. ರಾಣಿ ಮರೀ ಆಂತ್ವಾನೆತ್ತಳು 1775ರಲ್ಲಿ ಬರೆದ ಒಂದು ಕಾಗದದಲ್ಲಿ, ದೊರೆಯ ಅಭಿರುಚಿಯೆಲ್ಲ ಬೇಟೆ ಮತ್ತು ಯಂತ್ರಕೆಲಸಗಳಲ್ಲಿರುವುದೆಂದೂ, ಕುಲುಮೆಯ ಬಳಿ ತಾನು ನಿಂತರೆ ಶೋಭಿಸಲಾರೆನೆಂದೂ ಹಾಸ್ಯಮಾಡಿದ್ದಾಳೆ.

ಈ ದೊರೆಯ ಆಸ್ಥಾನಕ್ಕೆ ಕನ್ನಡನಾಡಿನಿಂದಲೂ ಒಂದು ರಾಯಭಾರವು ಹೋಗಿದ್ದಿತು. ಶ್ರೀರಂಗಪಟ್ಟಣದ ಟಿಪ್ಪು ಸುಲ್ತಾನನು ಕಳುಹಿಸಿದ ಮೂವರು ರಾಯಭಾರಿಗಳು 1788ರ ಆಗಸ್ಟ್ 10ರಂದು ವೆರ್ಸಾಯಿನಲ್ಲಿ ದೊರೆಯನ್ನು ಕಂಡರು. ಇಂಗ್ಲಿಷರ ವಿರುದ್ಧ ಸೈನ್ಯದ ನೆರವಲ್ಲದೆ ಕುಶಲಕರ್ಮಿಗಳನ್ನೂ ಅವರು ಬೇಡಿದರು. ಬೊಕ್ಕಸವು ಬರಿದಾಗಿದ್ದ ಆ ದೊರೆಯಿಂದ ಸೈನ್ಯದ ನೆರವು ದೊರೆಯಲಿಲ್ಲ. ಕೆಲವು ಮಂದಿ ಕುಶಲಕರ್ಮಿಗಳು ಮಾತ್ರ ದೊರೆತರು. ಪರದೇಶದ ಸುಲ್ತಾನನಿಗೂ ಕಮ್ಮಟದ ಕೈಗಳ ಬೆಲೆಯು ತಿಳಿದಿದ್ದಿತು. ಆದರೆ ಕುಶಲಕರ್ಮಿಯ ಮನಸ್ಸಿನಲ್ಲಿ ಏನು ಕುದಿಯುತ್ತಿದೆಯೆಂಬುದು, ದಿನವೂ ಅವನ ಪಕ್ಕದಲ್ಲಿ ನಿಂತು ಅರ ಹಾಕುತ್ತಿದ್ದ ಲೂಯಿಗೂ ತಿಳಿಯಲಿಲ್ಲ.

ಮರುವರ್ಷ ಫ್ರಾನ್ಸಿನ ಕ್ರಾಂತಿಯು ತಲೆದೋರಿತು. 1789ರ ಅಕ್ಟೋಬರಿನಲ್ಲಿ ಪ್ಯಾರಿಸಿನ ಜನರು ರಾಜಕುಟುಂಬವನ್ನು ವೆರ್ಸಾಯಿನಿಂದ ಕರೆತಂದು ತ್ವಿಲರೀ ಅರಮನೆಯಲ್ಲಿ ಇರಿಸಿದರು. ಅಲ್ಲಿ ದೊರೆಗೆ ತನ್ನ ಗುಪ್ತಪತ್ರಗಳನ್ನು ಅಡಗಿಸುವ ಸ್ಥಳವೊಂದು ಬೇಕಾಯಿತು. ಗಾಮೇನನ ಹೇಳಿಕೆಯಂತೆ, 1792ರ ಮೇ ತಿಂಗಳಿನಲ್ಲಿ ದೊರೆಯು ಅವನನ್ನು ಕರೆಯಿಸಿಕೊಂಡು, ಗೋಡೆಯಲ್ಲಿ ಮರದ ಹಲಗೆಗಳ ಹಿಂದೆ ಕೊರೆದಿದ್ದ ಗೂಡಿಗೆ ಕಬ್ಬಿಣದ ಬಾಗಿಲನ್ನು ಮಾಡಿಸಿದನು. ಚರಿತ್ರೆಯಲ್ಲಿ ‘ಕಬ್ಬಿಣದ ಕಪಾಟು’ ಎಂದು ಹೆಸರಾದುದು ಇದೇ. 1792ರ ಆಗಸ್ಟ್ 10ರಂದು, ಮೈಸೂರಿನ ರಾಯಭಾರಿಗಳು ದರ್ಶನ ಪಡೆದ ದಿನದಿಂದ ಸರಿಯಾಗಿ ನಾಲ್ಕು ವರ್ಷಕ್ಕೆ, ಕ್ರಾಂತಿಕಾರರು ತ್ವಿಲರೀ ಅರಮನೆಗೆ ನುಗ್ಗಿದರು, ದೊರೆಯು ಸೆರೆಯಾದನು. ಕಪಾಟು ಮಾತ್ರ ಯಾರ ಕಣ್ಣಿಗೂ ಬೀಳಲಿಲ್ಲ. ನವೆಂಬರ್ 20ರಂದು ಗಾಮೇನನೇ ಒಳಾಡಳಿತದ ಮಂತ್ರಿಯಾದ ರೋಲಾನನಿಗೆ ಆ ಗೋಡೆಯನ್ನು ತೋರಿಸಿಕೊಟ್ಟನು.

ಅಲ್ಲಿ ದೊರೆತ ಪತ್ರಗಳು ವಿಚಾರಣೆಗೆ ಸಾಧನವಾದುವು. ಡಿಸೆಂಬರ್ 11ರಂದು ಸಭೆಯ ಮುಂದೆ ನಿಂತ ಲೂಯಿಯನ್ನು, ಕಬ್ಬಿಣದ ಬಾಗಿಲಿನ ಕಪಾಟನ್ನು ಮಾಡಿಸಿದೆಯಾ ಎಂದು ಪ್ರಶ್ನಿಸಿದಾಗ, ಆತನು ಅದರ ವಿಷಯವೇ ತನಗೆ ತಿಳಿಯದೆಂದು ಉತ್ತರಕೊಟ್ಟನು. ಬೀಗಗಳ ಮರ್ಮವನ್ನು ಬಲ್ಲೆನೆಂದು ಜೀವಮಾನವೆಲ್ಲ ಹಿಗ್ಗುತ್ತಿದ್ದವನು ತನ್ನ ಗೋಡೆಯ ಬೀಗವನ್ನೇ ಅರಿಯೆನೆನ್ನಬೇಕಾಯಿತು! 1793ರ ಜನವರಿ 21ರಂದು ಆತನಿಗೆ ಮರಣದಂಡನೆಯಾಯಿತು.

ಗಾಮೇನನ ಕಥೆಯು ಅಲ್ಲಿಗೆ ಮುಗಿಯದು. ಕಪಾಟಿನ ಕೆಲಸವಾದೊಡನೆ ದೊರೆಯು ತನಗೆ ವಿಷ ಬೆರೆಸಿದ ದ್ರಾಕ್ಷಾರಸವನ್ನು ಕುಡಿಸಿದನೆಂದೂ, ಅದರಿಂದ ತನ್ನ ಅಂಗಾಂಗಗಳು ಕೆಟ್ಟು ದುಡಿಮೆಯು ನಿಂತುಹೋಯಿತೆಂದೂ ಅವನು 1794ರಲ್ಲಿ ದೂರಿಕೊಂಡನು. ಸಭೆಯು ಅವನಿಗೆ ವರ್ಷಕ್ಕೆ 1,200 ಲಿವ್ರ್ ವೇತನವನ್ನು ವಿಧಿಸಿತು. ದೊರೆಯ ವಿಚಾರಣೆಯಲ್ಲಿ ಹೊರಿಸಿದ ಆರೋಪಗಳ ದೊಡ್ಡ ಪಟ್ಟಿಯಲ್ಲಿ ಈ ವಿಷಪ್ರಯೋಗದ ಸೊಲ್ಲೇ ಇಲ್ಲದಿರುವುದರಿಂದ ಚರಿತ್ರಕಾರರು ಇದನ್ನು ನಂಬುವುದಿಲ್ಲ. ಆದರೆ ದೂರು ಸುಳ್ಳಾದರೂ ಅದರ ಹಿಂದಿದ್ದ ಹೊಟ್ಟೆಯ ಚಿಂತೆಯು ಸುಳ್ಳಲ್ಲ. ದೊರೆಯನ್ನು ನಂಬಿ ಬದುಕಿದ ಕಸುಬುಗಾರನಿಗೆ ದೊರೆತನವೇ ಮುರಿದುಬಿದ್ದ ಮೇಲೆ ಕೆಲಸ ಕೊಡುವವರು ಯಾರು? ಅರಮನೆಯ ನಂಟೇ ತಲೆಗೆ ಅಪಾಯವಾಗಿದ್ದ ದಿನಗಳಲ್ಲಿ ಅವನ ಬಾಯಿಬಿಡಿಸಿದುದು ಭಯವೋ, ಲೋಭವೋ, ದ್ವೇಷವೋ? ಮೂರೂ ಒಂದಿಷ್ಟಿಷ್ಟು ಇದ್ದಿರಬಹುದು.

ಒಂದೇ ಬಗೆಯ ಅರವನ್ನು ಒಂದೇ ಕೋಣೆಯಲ್ಲಿ ಹಿಡಿದ ಆ ಇಬ್ಬರ ನಡುವೆ ಒಂದು ಭೇದವಿದ್ದಿತು. ಬೇಸರವಾದಾಗ ಅರವನ್ನು ಕೆಳಗಿಟ್ಟು ಕೈತೊಳೆದುಕೊಳ್ಳುವ ಸ್ವಾತಂತ್ರ್ಯವು ಒಬ್ಬನಿಗುಂಟು. ಇನ್ನೊಬ್ಬನಿಗೆ ಕೈ ನಿಂತರೆ ಒಲೆಯೂ ನಿಂತಂತೆಯೇ. ಲೂಯಿಯು ಈ ಭೇದವನ್ನು ಮರೆತು ಗಾಮೇನನನ್ನು ಗೆಳೆಯನೆಂದು ಬಗೆದನು. ಗಾಮೇನನು ಅದನ್ನು ಮರೆಯುವಂತಿರಲಿಲ್ಲ. ವಿನೋದಕ್ಕಾಗಿ ಕಸುಬನ್ನು ಕಲಿಯುವುದು ನಿಂದ್ಯವಲ್ಲ; ತನ್ನ ಕೈಯಿಂದ ಒಂದು ಬೀಗದ ಕೈಯನ್ನು ಹೊಂದಿಸಿದವನು ಕಮ್ಮಾರನ ಶ್ರಮವನ್ನು ಇತರರಿಗಿಂತ ಚೆನ್ನಾಗಿ ಬಲ್ಲನು. ಆದರೆ ಶ್ರಮವನ್ನು ಬಲ್ಲವನು ಶ್ರಮಜೀವಿಯ ಬಾಳನ್ನೂ ಬಲ್ಲನೆಂದು ಹೇಳಲಾಗದು. ಮಸಿ ಹಿಡಿಸಿ, ತಿರುಗಿಸಿ, ತಗಲಿದ ಎಡೆಯನ್ನು ಕಂಡುಹಿಡಿಯುವ ಆ ಸೂಕ್ಷ್ಮವನ್ನು ಲೂಯಿಯು ಬೀಗಗಳಲ್ಲಿ ಸಾಧಿಸಿದನು. ತನ್ನ ಪಕ್ಕದಲ್ಲಿದ್ದ ಮನುಷ್ಯನಿಗೆ ಎಲ್ಲಿ ತಗಲುತ್ತಿದೆಯೆಂಬುದನ್ನು ಮಾತ್ರ ಆತನು ನೋಡಲಿಲ್ಲ.