ಸೆಗ್‌ವೇ, ಟಿವಿಎಸ್ ಮತ್ತು ಚಪಡನ ಬಂಡೆ

ಆಫೀಸಿನ ಕೆಲಸದ ಮೇಲೆ ಅಮೆರಿಕಾಕ್ಕೆ ಹೋಗಿದ್ದಾಗ ಒಂದು ಶನಿವಾರ ವಾಷಿಂಗ್ಟನ್‌ನಲ್ಲಿ ಸೆಗ್‌ವೇ ಟೂರ್ ಮಾಡಿದ್ದೆ. ನಿಮ್ಮಲ್ಲಿ ಹಲವರು ಮಾಡಿರುತ್ತೀರಿ. ಅಕ್ಕಪಕ್ಕ ಎರಡು ಗಾಲಿ, ನಡುವೆ ನಿಲ್ಲಲು ಒಂದು ಹಲಗೆ, ಹಿಡಿದುಕೊಳ್ಳಲು ಒಂದು ಕಂಬ. ಅಷ್ಟೇ ಬಂಡಿ. ಮುಂದಕ್ಕೆ ಬಾಗಿದರೆ ಮುಂದೆ ಹೋಗುತ್ತೆ, ಹಿಂದಕ್ಕೆ ವಾಲಿದರೆ ನಿಲ್ಲುತ್ತೆ. ಅರ್ಧ ಗಂಟೆ ಪಾಠ ಹೇಳಿ, ತಲೆಗೆ ಹೆಲ್ಮೆಟ್ ಹಾಕಿಸಿ, ಗೈಡ್ ಮುಂದೆ ನಾವೆಂಟು ಜನ ಹಿಂದೆ, ತಾಯಿ ಬಾತುಕೋಳಿಯ ಹಿಂದೆ ಮರಿಗಳು ಹೋದ ಹಾಗೆ ಹೊರಟೆವು. ಎಂಬತ್ತು ಚಿಲ್ಲರೆ ಡಾಲರ್ ಆಯ್ತು. (ರೂಪಾಯಿಗೆ ಬದಲಾಯಿಸಿ ನೋಡಬಾರದು ಅಂತ ಗೊತ್ತಿದ್ದೂ ನೋಡಿದೆ.)

ಈ ಬಂಡಿಯದ್ದೂ ಒಂದು ಚರಿತ್ರೆ ಇದೆ. ಡೀನ್ ಕಾಮೆನ್ ಎಂಬ ಅಮೆರಿಕನ್ ಸಂಶೋಧಕ 2001ರ ಡಿಸೆಂಬರ್ 3ರಂದು ಟಿವಿ ಕಾರ್ಯಕ್ರಮದಲ್ಲಿ ಇದನ್ನು ಲೋಕಕ್ಕೆ ತೋರಿಸಿದ. ನಗರಗಳ ನಕ್ಷೆಯನ್ನೇ ಬದಲಾಯಿಸುತ್ತೆ ಅಂತ ಭಾರೀ ಸುದ್ದಿಯಾಗಿತ್ತು. ಒಳಗೆ ಐದು ಗೈರೋಸ್ಕೋಪ್ ಸೆನ್ಸರ್‌ಗಳು ಸೆಕೆಂಡಿಗೆ ನೂರು ಸಲ ನಿಮ್ಮ ವಾಲುವಿಕೆಯನ್ನು ಅಳೆದು ಮೋಟಾರಿಗೆ ಹೇಳುತ್ತವೆ. ಇಂಜಿನಿಯರಿಂಗ್ ಓದಿದವನಿಗೆ ಕೈಮುಗಿಯಬೇಕು ಅನ್ನಿಸುವಂಥ ಕೆಲಸ. ಆದರೆ ಸುಮಾರು 5000 ಡಾಲರ್ ಕೊಟ್ಟು ಜನಸಾಮಾನ್ಯರು ಕೊಳ್ಳಲಿಲ್ಲ. ಪೊಲೀಸರು, ಮಾಲ್‌ಗಳ ಕಾವಲುಗಾರರು ಮತ್ತು ಟೂರ್ ನಡೆಸುವವರು ಕೊಂಡರು. ಟೂರ್‌ಗಳು ಎಷ್ಟು ಹೆಚ್ಚಾದವೆಂದರೆ ಪ್ರಾಗ್ ನಗರ 2016ರಲ್ಲಿ ತನ್ನ ಹಳೇ ಪೇಟೆಯಲ್ಲಿ ಸೆಗ್‌ವೇಯನ್ನೇ ನಿಷೇಧಿಸಿತು. 2015ರಲ್ಲಿ ಕಂಪನಿ ಚೀನಾದ ನೈನ್‌ಬಾಟ್ ಪಾಲಾಯಿತು, 2020ರ ಜುಲೈನಲ್ಲಿ ಈ ಬಂಡಿಯ ತಯಾರಿಕೆ ನಿಂತೇ ಹೋಯಿತು. ನಾನು ಹತ್ತಿದ್ದು ಹೀಗೆ ಉಳಿದುಕೊಂಡ ಹಳೇ ಬಂಡಿ.

ಲಿಂಕನ್ ಸ್ಮಾರಕದ ಬಳಿ ಗೈಡ್ ನಮ್ಮನ್ನು ನಿಲ್ಲಿಸಿ, ಮೇಲೆ ಹತ್ತಿ ಉತ್ತರದ ಗೋಡೆ ನೋಡಿಕೊಂಡು ಬನ್ನಿ ಅಂದಳು. ಅಲ್ಲಿ ಲಿಂಕನ್ನನ ಭಾಷಣ ಕೆತ್ತಿದ್ದಾರೆ. ಕೆತ್ತಿದವನು 'ಫ್ಯೂಚರ್' ಪದದ 'ಎಫ್' ಅಕ್ಷರವನ್ನು 'ಇ' ಮಾಡಿಬಿಟ್ಟಿದ್ದನಂತೆ. ಆಮೇಲೆ ಕೆಳಗಿನ ಗೆರೆ ತುಂಬಿ ಮುಚ್ಚಿದ್ದಾರೆ, ಗುರುತು ಈಗಲೂ ಕಾಣುತ್ತೆ. ಎಲ್ಲರೂ ಹತ್ತಿ ಹೋಗಿ ಆ ಒಂದು ಅಕ್ಷರದ ಫೋಟೋ ತೆಗೆದುಕೊಂಡೆವು. 1922ರ ಕಟ್ಟಡದಲ್ಲಿ ಒಬ್ಬ ಕೆತ್ತನೆಗಾರನ ಕೈತಪ್ಪು!

ರಾತ್ರಿ ಹೋಟೆಲಿನಲ್ಲಿ ಮಲಗಿದಾಗ ನಾಚಿಕೆಯಾಯಿತು. ನಮ್ಮ ಚಳ್ಳಕೆರೆಯಿಂದ ಒಂದೂವರೆ ಗಂಟೆ ದಾರಿಯಲ್ಲಿ ಕ್ರಿ.ಪೂ. ಮೂರನೆಯ ಶತಮಾನದ ಬಂಡೆಯಿದೆ. ಅದರ ಮೇಲೂ ಕೆತ್ತಿದವನ ಗುರುತಿದೆ. ಹೈಸ್ಕೂಲಿನಲ್ಲಿ 'ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ' ಅಂತ ಮೂರು ಹೆಸರು ಬಾಯಿಪಾಠ ಮಾಡಿ ಎರಡು ಮಾರ್ಕು ತಗೊಂಡಿದ್ದೆ. ಬಂಡೆಯನ್ನು ಮಾತ್ರ ನೋಡಿರಲಿಲ್ಲ.

ಊರಿಗೆ ಬಂದವನೇ ಮೊಳಕಾಲ್ಮೂರು ಕಡೆಯ ನಮ್ಮ ಮಾವನಿಗೆ ಫೋನ್ ಮಾಡಿದೆ. ಮಾವ ಮಗ್ಗದ ಕೆಲಸದವರು, ರೇಷ್ಮೆ ಸೀರೆ ನೇಯುತ್ತಾರೆ. ನಾನು ಸೆಗ್‌ವೇ ಕಥೆ ಹೇಳಿದ್ದಕ್ಕೆ, "ಅಲ್ಲ ಅಳಿಯಾ, ಅಷ್ಟು ದುಡ್ಡು ಕೊಟ್ಟು ನಿಂತ್ಕಂಡು ಹೋದ್ಯಾ? ನಮ್ ಟಿವಿಎಸ್ ಮ್ಯಾಲೆ ಕೂತ್ಕಂಡು ಬಾ, ಪೆಟ್ರೋಲ್ ಹಾಕ್ಸು ಸಾಕು" ಅಂದರು. ಹಾಗೆ ಶುರುವಾಯಿತು ನಮ್ಮ ಗೈಡೆಡ್ ಟೂರ್ :-)

ಬಳ್ಳಾರಿ ರಸ್ತೆಯಿಂದ ಒಳಗೆ ತಿರುಗಿದರೆ ಅಶೋಕ ಸಿದ್ದಾಪುರ. ಬಯಲು, ಶೇಂಗಾ ಹೊಲ, ನಡುನಡುವೆ ಯಾರೋ ತಂದು ಸುರಿದ ಹಾಗೆ ಕಲ್ಲುಗುಂಡುಗಳ ಗುಡ್ಡ. ಶಾಸನದ ಬಂಡೆಗೆ ಈಗ ಪುಟ್ಟ ಕಟ್ಟಡ ಕಟ್ಟಿದ್ದಾರೆ. ಒಳಗೆ ಹೋಗಿ ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಆಮೇಲೆ ಒಂದೊಂದೇ ಅಕ್ಷರ ಮೇಲೆದ್ದು ಬರುತ್ತವೆ.

1892ರಲ್ಲಿ ಬಿ. ಎಲ್. ರೈಸ್ ಈ ಮೂರೂ ಶಾಸನಗಳನ್ನು 'ಕಂಡುಹಿಡಿದರು' ಅಂತ ಪುಸ್ತಕಗಳಲ್ಲಿದೆ. ರೈಸ್ ದೊಡ್ಡವರು, ಬೆಂಗಳೂರಿನಲ್ಲೇ ಹುಟ್ಟಿದವರು, ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಿಗೆ ಕನ್ನಡಿಗರು ಋಣಿಗಳಾಗಿರಬೇಕು. ಆದರೆ ಅವರು ಬರುವ ಮೊದಲೇ ಊರಿನವರು ಈ ಕಲ್ಲನ್ನು 'ಅಕ್ಷರಗುಂಡು' ಅಂತ ಕರೆಯುತ್ತಿದ್ದರು, ಅದಕ್ಕೆ ಕಾಯಿಲೆ ವಾಸಿ ಮಾಡುವ ಶಕ್ತಿಯಿದೆ ಅಂತ ನಂಬಿದ್ದರು. ಅಂದರೆ ಓದಲು ಬಾರದಿದ್ದರೂ ಅದು ಅಕ್ಷರವೆಂದು ಗೊತ್ತಿತ್ತು, ಬೆಲೆಯುಳ್ಳದ್ದೆಂದೂ ಗೊತ್ತಿತ್ತು. ರೈಸ್‌ಗೆ ಇಲ್ಲಿ ಗೈಡ್ ಯಾರಾಗಿದ್ದರೋ, ಅವರ ಹೆಸರು ನನಗೆ ಎಲ್ಲೂ ಸಿಗಲಿಲ್ಲ.

ಶಾಸನ ಪ್ರಾಕೃತ ಭಾಷೆಯಲ್ಲಿದೆ, ಲಿಪಿ ಬ್ರಾಹ್ಮಿ. ಸುವರ್ಣಗಿರಿಯಿಂದ ಆರ್ಯಪುತ್ರ ಮತ್ತು ಮಹಾಮಾತ್ರರು ಇಸಿಲದ ಮಹಾಮಾತ್ರರ ಆರೋಗ್ಯ ವಿಚಾರಿಸುತ್ತಾರೆ, ನಂತರ ರಾಜಾಜ್ಞೆ. ನಮ್ಮ ಆಫೀಸ್ ಮೇಲ್‌ಗಳ ಶುರುವಿನ ಹಾಗೆಯೇ! ಇಸಿಲ ಅಂದರೆ ಈ ಗುಡ್ಡದ ಬುಡದಲ್ಲಿದ್ದ ಊರು. ಬಾಣ ಬಿಡುವುದಕ್ಕೆ ಹಳಗನ್ನಡದಲ್ಲಿ 'ಇಸು' ಅನ್ನುತ್ತಾರಲ್ಲ, ಅದರಿಂದ ಬಂದ ಕನ್ನಡ ಪದವೇ 'ಇಸಿಲ' ಅಂತ ಡಿ. ಎಲ್. ನರಸಿಂಹಾಚಾರ್ ಅಭಿಪ್ರಾಯಪಟ್ಟಿದ್ದರು. ಹಾಗಾದರೆ ಹಲ್ಮಿಡಿಗಿಂತ ಆರೇಳು ನೂರು ವರ್ಷ ಮೊದಲೇ ಕಲ್ಲಿನ ಮೇಲೆ ಒಂದು ಕನ್ನಡ ಪದ. ಎಲ್ಲರೂ ಒಪ್ಪಬೇಕೆಂದೇನಿಲ್ಲ, ನನಗಂತೂ ಖುಷಿಯಾಯಿತು.

ನನ್ನನ್ನು ನಿಜವಾಗಿ ಹಿಡಿದು ನಿಲ್ಲಿಸಿದ್ದು ಆಜ್ಞೆಯ ಕೊನೆಗೆ ಬರುವ 256 ಎಂಬ ಸಂಖ್ಯೆ. (ಎರಡರ ಎಂಟನೇ ಘಾತ, ಸಾಫ್ಟ್‌ವೇರಿನವರು ಕನಸಿನಲ್ಲೂ ಮರೆಯದ ಸಂಖ್ಯೆ.) ಆಗ ಸೊನ್ನೆಯಿಟ್ಟು ಬರೆಯುವ ಪದ್ಧತಿ ಇರಲಿಲ್ಲ, 200ಕ್ಕೆ ಒಂದು ಚಿಹ್ನೆ, 50ಕ್ಕೆ ಒಂದು, 6ಕ್ಕೆ ಒಂದು. ಬುದ್ಧ ತೀರಿಕೊಂಡು 256 ವರ್ಷವಾಯಿತು ಅಂತ ಬ್ಯೂಲರ್ ಮುಂತಾದವರು ಮೊದಲು ಅರ್ಥ ಮಾಡಿದ್ದರು. ಆದರೆ ಇದೇ ಆಜ್ಞೆಯ ಬಿಹಾರದ ಸಹಸ್ರಾಮ್ ಪ್ರತಿಯಲ್ಲಿ ಸಂಖ್ಯೆಯ ಜೊತೆಗೆ 'ರಾತ್ರಿ' ಎಂಬ ಅರ್ಥದ ಪದವೂ ಇದೆ. ಆಮೇಲೆ ಎಫ್. ಡಬ್ಲ್ಯೂ. ಥಾಮಸ್ ಮೊದಲಾದ ವಿದ್ವಾಂಸರು, ಇದು ಮನೆಯಿಂದ ಹೊರಗೆ ಪ್ರವಾಸದಲ್ಲಿ ಕಳೆದ 256 ರಾತ್ರಿಗಳು ಎಂದರು. ಇಂದು ಹೆಚ್ಚು ಜನ ಒಪ್ಪುವುದು ಇದನ್ನೇ. ಅಂದರೆ ನಾನು ನೋಡುತ್ತಾ ನಿಂತಿದ್ದು ಟೂರ್‌ನಲ್ಲಿದ್ದ ಒಬ್ಬ ರಾಜನ ಮಾತನ್ನು!

ಅಶೋಕನಿಗೆ ಪ್ರವಾಸದ ಬಗ್ಗೆ ಗಟ್ಟಿಯಾದ ಅಭಿಪ್ರಾಯವೂ ಇತ್ತು. ಅವನ ಎಂಟನೆಯ ಶಿಲಾಶಾಸನದಲ್ಲಿ ಅದಿದೆ. ಇಲ್ಲಿಲ್ಲ, ಆಂಧ್ರದ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿ ಹದಿನಾಲ್ಕೂ ಇವೆ. ಹಿಂದಿನ ರಾಜರು ವಿಹಾರಯಾತ್ರೆ ಹೋಗುತ್ತಿದ್ದರು, ಬೇಟೆ ಮತ್ತು ಮೋಜು. ತಾನು ಪಟ್ಟಕ್ಕೆ ಬಂದ ಹತ್ತು ವರ್ಷಕ್ಕೆ ಬೋಧಿವೃಕ್ಷದ ಜಾಗಕ್ಕೆ ಹೋದೆ, ಅಲ್ಲಿಂದ ಧರ್ಮಯಾತ್ರೆ ಶುರುವಾಯಿತು ಅನ್ನುತ್ತಾನೆ. ಅದರಲ್ಲಿ ಮಾಡುವುದೇನು? ಶ್ರಮಣರನ್ನು, ಬ್ರಾಹ್ಮಣರನ್ನು, ಮುದುಕರನ್ನು ಕಂಡು ದಾನ ಕೊಡುವುದು, ಹಳ್ಳಿಗಾಡಿನ ಜನರನ್ನು ಭೇಟಿಯಾಗಿ ಮಾತಾಡುವುದು. ನನ್ನ ವಾಷಿಂಗ್ಟನ್ ಪ್ರವಾಸದಲ್ಲಿ ಗೈಡ್ ಬಿಟ್ಟರೆ ಆ ಊರಿನ ಒಬ್ಬರ ಹತ್ತಿರವೂ ನಾನು ಮಾತಾಡಿರಲಿಲ್ಲ.

ಇನ್ನು ಕೆತ್ತಿದವನ ವಿಷಯ. ಕೊನೆಯಲ್ಲಿ ಚಪಡ ಎಂಬ ಲಿಪಿಕಾರ ಬರೆದ ಎಂದಿದೆ. 'ಲಿಪಿಕಾರ' ಎಂಬ ಪದ ಮಾತ್ರ ಬ್ರಾಹ್ಮಿಯಲ್ಲಿಲ್ಲ, ಬಲದಿಂದ ಎಡಕ್ಕೆ ಬರೆಯುವ ಖರೋಷ್ಠಿಯಲ್ಲಿದೆ. ಖರೋಷ್ಠಿ ಗಾಂಧಾರದ ಕಡೆಯದು, ಈಗಿನ ಪಾಕಿಸ್ತಾನ, ಅಫ್ಘಾನಿಸ್ತಾನ. ಇಸಿಲದಲ್ಲಿ ಅದನ್ನು ಓದಬಲ್ಲವರು ಯಾರಿದ್ದರು? ಬಹುಶಃ ಅಲ್ಲಿಂದಲೇ ಬಂದವನು, ಅಥವಾ ಅಲ್ಲಿ ಕಲಿತವನು. ಕೆಲಸದ ಮೇಲೆ ಸಾವಿರಾರು ಕಿಲೋಮೀಟರ್ ದೂರದ ಊರಿಗೆ ಬಂದು, ಒಪ್ಪಿಸಿದ್ದನ್ನು ಚೊಕ್ಕವಾಗಿ ಮುಗಿಸಿ, ಕೊನೆಯಲ್ಲಿ ಒಂದು ಪದ ತನ್ನ ಕಡೆಯ ಲಿಪಿಯಲ್ಲಿ ಬರೆದಿಟ್ಟ. ಆನ್‌ಸೈಟ್ ಹೋದವರಿಗೆ ಈ ಚಪಡ ಅರ್ಥವಾಗುತ್ತಾನೆ. ಮಾವನಿಗೆ ಹೇಳಿದೆ. "ನಾವೂ ಸೆರಗಿನ ಮೂಲ್ಯಾಗೆ ಒಂದು ಗುರುತು ಬಿಡ್ತೀವಲ್ಲ, ಹಂಗೇ" ಅಂದರು.

ಗುಡ್ಡದ ಬುಡದ ಬಯಲಿನಲ್ಲಿ ಎಂ. ಎಚ್. ಕೃಷ್ಣ ಮೊದಲು ಅಗೆದರು, 1947ರಲ್ಲಿ ಮಾರ್ಟಿಮರ್ ವೀಲರ್. ಕೆಳಗೆ ನಯಗೊಳಿಸಿದ ಕಲ್ಲುಕೊಡಲಿಗಳ ಜನ, ಅವರ ಮೇಲೆ ಬೃಹತ್ ಶಿಲಾಗೋರಿಗಳ ಜನ, ಅದರ ಮೇಲೆ ಶಾತವಾಹನ ಕಾಲ. ದಕ್ಷಿಣದ ಪ್ರಾಗಿತಿಹಾಸದ ಕಾಲಾನುಕ್ರಮಕ್ಕೆ ಈ ಹೊಲವೇ ಬುನಾದಿಯಾಯಿತು. ಕಲ್ಲುಕೊಡಲಿಯ ಕಾಲವನ್ನು ವೀಲರ್ ತೀರಾ ಈಚೆಗೆ ತಂದಿದ್ದರು, ಇಂಗಾಲದ ಪರೀಕ್ಷೆ ಬಂದ ಮೇಲೆ ದಕ್ಷಿಣದ ನವಶಿಲಾಯುಗ ಸಾವಿರಾರು ವರ್ಷ ಹಿಂದಕ್ಕೆ ಹೋಯಿತು. ಗೋರಿಗಳ ಕಲ್ಲಿನ ವೃತ್ತಗಳು ಈಗಲೂ ಅಲ್ಲಲ್ಲಿ ಕಾಣುತ್ತವೆ. ಒಂದರೊಳಗೆ ಕುರಿಗಳು ಮಲಗಿದ್ದವು. ಕಾಯುತ್ತಿದ್ದ ಅಜ್ಜ, "ಮೋರೇರ ಮನೆ ಕಣಪ್ಪಾ ಅವು, ಕುಳ್ಳ ಜನ" ಅಂದ. ಮೌರ್ಯರನ್ನೋ ಕುಳ್ಳರನ್ನೋ ಆ ಮಾತು ಹೇಳುವುದು ಅಂತ ವಿಚಾರಿಸುವಷ್ಟರಲ್ಲಿ ಕುರಿಗಳ ಹಿಂದೆ ಹೊರಟುಹೋಗಿದ್ದ.

ಸಂಜೆ ಜಟಿಂಗ ರಾಮೇಶ್ವರ ಹತ್ತಿದೆವು. ರಾವಣನ ಜೊತೆ ಹೋರಾಡಿ ಜಟಾಯು ಬಿದ್ದ ಬೆಟ್ಟ ಅಂತ ಜನರ ನಂಬಿಕೆ. ಅಲ್ಲಿನ ಶಾಸನದ ಬಂಡೆಗೆ 'ಬಳೆಗಾರ ಗುಂಡು' ಅಂತ ಹೆಸರು, ಜಾತ್ರೆಯಲ್ಲಿ ಬಳೆಗಾರರು ಅದರ ಮೇಲೇ ಅಂಗಡಿ ಹೂಡುತ್ತಿದ್ದರು. ಮೂರರಲ್ಲಿ ತೀರಾ ಸವೆದಿರುವುದು ಇದೇ. ಅಲ್ಲೂ ಚಪಡನ ಸಹಿ ಇದೆ. ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದು ಹುಡುಕಿದೆವು, ಎರಡು ಮೂರು ಅಕ್ಷರಗಳ ಮೇಲೆ ಮಾವ ಬೆರಳಾಡಿಸಿದರು. ಕತ್ತಲಾಗುತ್ತಿತ್ತು, ಟಿವಿಎಸ್‌ನ ಹೆಡ್‌ಲೈಟ್ ಬೇರೆ ಕೆಟ್ಟಿತ್ತು. ಇಳಿದು ಬಂದೆವು.