ಕೈತೋಟದ ಹಕ್ಕಿಗಳು: ಬೊಮ್ಮನಹಳ್ಳಿ

ನಗರಸಭೆಯಾಗಿದ್ದ, ಹೊಸೂರು ರಸ್ತೆಯ ಬೊಮ್ಮನಹಳ್ಳಿ 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ (ಬಿಬಿಎಂಪಿ) ಸೇರಿತು. ಇಲ್ಲಿನ ಕೈತೋಟಕ್ಕೆ ಹಕ್ಕಿ ಬರಬೇಕಾದರೆ ಕಾಳಿಗಿಂತ ಗಿಡವೇ ಮುಖ್ಯ. ತಾರಸಿಯಲ್ಲಿ ಚೆಲ್ಲಿದ ಜೋಳಕ್ಕೆ ಮುಗಿಬೀಳುವುದು ಹೆಚ್ಚಾಗಿ ಪಾರಿವಾಳ. ಸೂರಕ್ಕಿಗೆ ಬೇಕಾದದ್ದು ಮಕರಂದ, ಅದರ ಮರಿಗಳಿಗೆ ಹುಳು, ಜೇಡ. ಹಾಗಾಗಿ ಕೀಟನಾಶಕ ಸಿಂಪಡಿಸಿ ಹಕ್ಕಿಗೆ ಕಾಯುವುದು ವ್ಯರ್ಥ. ದಾಸವಾಳಕ್ಕೆ ಸೂರಕ್ಕಿ, ಗಸಗಸೆ ಹಣ್ಣಿಗೆ ಪಿಕಳಾರ, ಅಗಲ ಎಲೆಯ ಗಿಡಕ್ಕೆ ಎಲೆ ಹೊಲಿದು ಗೂಡು ಕಟ್ಟುವ ಸಿಂಪಿಗ ಬರುತ್ತವೆ. (ಗಸಗಸೆ ಹಣ್ಣಿನ ಮರ ಅಮೆರಿಕ ಖಂಡಗಳ ಮೂಲದ್ದು; ಪಿಕಳಾರ ಊರು ಕೇಳಿ ತಿನ್ನುವುದಿಲ್ಲ.) 30×40 ಸೈಟಿನಲ್ಲಿ ಜಾಗವೆಲ್ಲಿ ಎಂಬ ಆಕ್ಷೇಪ ಮರಕ್ಕೆ ಸಲ್ಲುತ್ತದೆ, ಕುಂಡದ ದಾಸವಾಳಕ್ಕಲ್ಲ. ಹಕ್ಕಿಗೆ ಕುಡಿಯಲು ನೀರಿಟ್ಟರೆ ಸೊಳ್ಳೆ ಎಂಬ ಭಯವೂ ಸುಳ್ಳಲ್ಲ. ಆದರೆ ಮೊಟ್ಟೆ ಸೊಳ್ಳೆಯಾಗಲು ಸುಮಾರು ವಾರ ಹಿಡಿಯುವುದರಿಂದ, ಎರಡು ದಿನಕ್ಕೊಮ್ಮೆ ಮಣ್ಣಿನ ತಟ್ಟೆ ಉಜ್ಜಿ ತೊಳೆದು ಹೊಸ ನೀರು ತುಂಬಿದರೆ ಸಾಕು.